ಥೀಮ್ ಬದಲಾಯಿಸಿದ್ಮೇಲೆ ಸೈಡ್‌ಬಾರ್ ಎಲ್ಲಿ ಹೋಯ್ತು?

ಪ್ರಶ್ನೆ: ನಮಸ್ಕಾರ್ರಿ ಸರ್, ನಮ್ಮೂರು ಗದಗ, ಮುಂಬೈ ಹತ್ರ ಡೊಂಬಿವಲಿಗೆ ಬಂದು ಭಾಳ ವರ್ಷ ಆತು. ವರ್ಡ್‌ಪ್ರೆಸ್‌ನಾಗ ನಮ್ಮ ಕಡೆ ಅಡಿಗಿ ಬರೀತೀನಿ. ಹೋದ ವಾರ ಥೀಮ್, ಅಂದ್ರ ಬ್ಲಾಗಿನ ರೂಪ, ಬದಲಿ ಮಾಡಿದೆ, ಬಲಗಡೆ ಸೈಡ್‌ಬಾರ್‌ನಾಗ ಇದ್ದ ಅಡಿಗಿ ಪಟ್ಟಿ, ಹುಡುಕೋ ಡಬ್ಬಿ, ನನ್ನ ಪರಿಚಯ ಎಲ್ಲಾ ಮಾಯ. ಎರಡು ಮತ್ತ ಹಾಕಿದೆ, ಈಗ ಮಾದಲಿ ಬಗ್ಗೆ ಬರದ ಪುಟದಾಗ ಮಾತ್ರ ಸೈಡ್‌ಬಾರ್ ತಳಕ್ಕ ಹೋಗಿ ಕುಂತೈತಿ. ಬಣ್ಣಾನೂ ಹೋದ್ವು. ಹಳೇ ಥೀಮಿಗೇ ವಾಪಸ್ ಹೋಗ್ಲೇನ್ರಿ?

ಉತ್ತರ: ಬೇಡ ಅಕ್ಕಾ, ಏನೂ ಕಳೆದಿಲ್ಲ. ಬಾಡಿಗೆ ಮನೆ ಬದಲಾಯಿಸಿದಾಗ ಟೆಂಪೋದವ್ರು ಡಬ್ಬ ಎಲ್ಲ ಬಾಲ್ಕನಿಗೆ ಹಾಕಿ ಹೋಗ್ತಾರಲ್ಲ, ಅಷ್ಟೇ ಆಗಿರೋದು. ಅಪಿಯರೆನ್ಸ್‌ಗೆ ಹೋಗಿ ವಿಜೆಟ್ಸ್ (ಸೈಡ್‌ಬಾರ್‌ನ ಒಂದೊಂದು ತುಣುಕೂ ಒಂದು ವಿಜೆಟ್) ಓಪನ್ ಮಾಡಿ, ತೀರಾ ಕೆಳಗೆ ಇನ್‌ಆಕ್ಟಿವ್ ವಿಜೆಟ್ಸ್ ಅಂತ ಇರತ್ತೆ, ಹೊಸ ಥೀಮಲ್ಲಿ ಜಾಗ ಸಿಗದೇ ಇದ್ದದ್ದೆಲ್ಲ ಅಲ್ಲಿರತ್ತೆ, ನೀವು ಬರೆದ ಪರಿಚಯದ ಸಮೇತ. ಅಲ್ಲಿಂದ ಸೈಡ್‌ಬಾರ್‌ಗೆ ಸರಿಸಿ. 2021ರಲ್ಲಿ ವರ್ಡ್‌ಪ್ರೆಸ್ 5.8 ಬಂದ್ಮೇಲೆ ಈ ಸ್ಕ್ರೀನ್ ಬ್ಲಾಕ್‌ಗಳದ್ದಾಗಿದೆ (ಪೋಸ್ಟ್ ಬರೆಯುವಾಗ ಜೋಡಿಸ್ತೀವಲ್ಲ, ಅದೇ ತುಂಡುಗಳು), ನನಗಂತೂ ಇವತ್ತಿಗೂ ಅದು ಹಿಡಿಸಿಲ್ಲ, ಕ್ಲಾಸಿಕ್ ವಿಜೆಟ್ಸ್ ಅನ್ನೋ ಪ್ಲಗಿನ್ ಹಾಕ್ಕೊಂಡ್ರೆ ಹಳೇ ಥರ ಎಳೆದು ಬಿಡಬಹುದು.

ಬೇರೆ ಓದುಗರಿಗೆ ಒಂದು ಮಾತು, ಮೆನುವಲ್ಲಿ ವಿಜೆಟ್ಸ್ ಅನ್ನೋದೇ ಕಾಣ್ತಿಲ್ಲ ಅಂದ್ರೆ ನೀವು ಬಹುಶಃ ಬ್ಲಾಕ್ ಥೀಮ್ (ಇಡೀ ಪುಟಾನೇ ಬ್ಲಾಕ್‌ಗಳಿಂದ ಕಟ್ಟೋ ಥೀಮ್) ಹಾಕಿದ್ದೀರಿ, ಅದರಲ್ಲಿ ಸೈಡ್‌ಬಾರ್‌ನ ಎಡಿಟರ್ ಒಳಗೆ ಹೋಗಿ ಟೆಂಪ್ಲೇಟಲ್ಲಿ (ಪುಟದ ಅಚ್ಚಲ್ಲಿ) ಕಾಲಮ್ ಮಾಡಿ ಕಟ್ಟಬೇಕು. ಅಷ್ಟು ತಾಳ್ಮೆ ಇಲ್ದಿದ್ರೆ ವಿಜೆಟ್ಸ್ ಇರೋ ಹಳೇ ಥರದ ಕ್ಲಾಸಿಕ್ ಥೀಮೇ ವಾಸಿ.

ಈಗ ಮಾದಲಿಗೆ ಬರೋಣ. ಒಂದೇ ಪುಟದಲ್ಲಿ ಕೆಟ್ಟಿದೆ ಅಂದ್ರೆ ತಪ್ಪು ಹೆಚ್ಚಾಗಿ ಆ ಬರಹದ ಒಳಗೇ ಇರತ್ತೆ, ಎಲ್ಲಾ ಪುಟದಲ್ಲೂ ಕೆಟ್ಟಿದ್ರೆ ಥೀಮನ್ನ ಬೈಯಿರಿ. ಇದು ಗೊತ್ತಿಲ್ದೆ ನಾನು ಒಮ್ಮೆ ಪುಣೆಯ ಕೋಥ್ರುಡ್‌ನ ಗೆಳೆಯನ ಮನೇಲಿ ರಾತ್ರಿ ಎರಡರ ತನಕ ಥೀಮ್ ಫೈಲ್‌ಗಳನ್ನ ಕೆದಕಿದೆ, ಮೂರು ಸಲ ಚಹಾ ಆಯ್ತು, ಕೊನೆಗೆ ನೋಡಿದ್ರೆ ಅವನು ಎಂಎಸ್ ವರ್ಡ್‌ನಿಂದ ತಂದು ಅಂಟಿಸಿದ್ದ ಒಂದು ಟೇಬಲ್ ಪಕ್ಕ ಹೆಚ್ಚುವರಿ ಡಿವ್ ಕೂತಿತ್ತು.

ಈ ಡಿವ್ ಅಂದ್ರೆ ಪುಟದ ಡಬ್ಬಿ. ಬರಹ ಒಂದು ಡಬ್ಬಿ, ಸೈಡ್‌ಬಾರ್ ಒಂದು ಡಬ್ಬಿ, ಎರಡನ್ನೂ ಅಕ್ಕಪಕ್ಕ ಹಿಡಿದಿಡೋ ದೊಡ್ಡ ಡಬ್ಬಿ ಇನ್ನೊಂದು. ಬರಹದಲ್ಲಿ ಮುಚ್ಚೋ ಡಿವ್ ಒಂದು ಜಾಸ್ತಿ ಆದ್ರೆ ದೊಡ್ಡ ಡಬ್ಬಿ ಮೊದಲೇ ಮುಚ್ಚಿ ಸೈಡ್‌ಬಾರ್ ಹೊರಗೆ ಬೀಳತ್ತೆ, ಒಂದು ಕಮ್ಮಿ ಆದ್ರೆ ಸೈಡ್‌ಬಾರ್ ಬರಹದ ಡಬ್ಬಿಯೊಳಗೇ ಸೇರ್ಕೊಳ್ಳತ್ತೆ, ಎರಡರಲ್ಲೂ ನಿಮಗೆ ಕಾಣೋದು ಒಂದೇ, ತಳಕ್ಕ ಹೋಗಿ ಕುಂತಿರೋದು! ಹಳೇ ಥೀಮಲ್ಲೂ ಈ ತಪ್ಪು ಇದ್ದಿರಬೇಕು, ಅದರ ಕಟ್ಟೋಣ ಬೇರೆ ಇದ್ದಿದ್ರಿಂದ ಕಣ್ಣಿಗೆ ಬಿದ್ದಿರಲ್ಲ.

ಮಾದಲಿ ಬರಹ ಎಡಿಟ್‌ಗೆ ತೆಗೆದು, ಮೇಲೆ ಬಲಗಡೆ ಮೂರು ಚುಕ್ಕಿ ಒತ್ತಿ ಕೋಡ್ ಎಡಿಟರ್‌ಗೆ ಹೋಗಿ. ಡಿವ್ ತೆರೆಯೋದು (<div) ಎಷ್ಟು, ಸ್ಲಾಶ್ ಇರೋ ಮುಚ್ಚೋದು (</div>) ಎಷ್ಟು ಎಣಿಸಿ, ಸಮ ಇರ್ಬೇಕು. ತಲೆ ಕೆಡತ್ತೆ ಅಂದ್ರೆ ಕೋಡ್ ಬಿಟ್ಟು ಬ್ಲಾಗಲ್ಲಿ ಕಾಣೋ ಪುಟದಿಂದ ಬರಹಾನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ, ಅಲ್ಲಿಂದ ಹೊಸ ಪೋಸ್ಟ್‌ಗೆ ಅಂಟಿಸಿ, ಪ್ರಿವ್ಯೂ ನೋಡಿ. ಫೋಟೋ, ಟೇಬಲ್, ಲಿಂಕ್, ದಪ್ಪ ಅಕ್ಷರ ಇವನ್ನ ಮತ್ತೆ ಸೇರಿಸಬೇಕಾಗತ್ತೆ. ಡಿವ್ ಎಲ್ಲಾ ಸರಿ ಇದ್ರೆ ಮಾತ್ರ ಫೋಟೋ ಇಲ್ಲಾ ಟೇಬಲ್ ಕಾಲಮ್‌ಗಿಂತ ಅಗಲ ಇದೆಯಾ ನೋಡಿ, ಕೆಲವು ಥೀಮಲ್ಲಿ ಅದೂ ಸೈಡ್‌ಬಾರ್‌ನ ಕೆಳಗೆ ತಳ್ಳತ್ತೆ.

ಬಣ್ಣದ್ದು ಸುಲಭ. ನೀವು ಅದನ್ನ ಅಡಿಷನಲ್ ಸಿಎಸ್‌ಎಸ್ (ಬಣ್ಣ, ಅಳತೆಯ ಸಾಲುಗಳನ್ನ ಬರೆಯೋ ಜಾಗ) ಅನ್ನೋದ್ರಲ್ಲಿ ಬರೆದಿದ್ರೆ, ಅದು ಥೀಮಿಗೊಂದರಂತೆ ಬೇರೆ ಬೇರೆ ಉಳಿಯತ್ತೆ. ಹಳೇ ಥೀಮನ್ನ ಡಿಲೀಟ್ ಮಾಡ್ಬೇಡಿ, ಲೈವ್ ಪ್ರಿವ್ಯೂನಲ್ಲಿ ತೆಗೆದು ಕಾಪಿ ಮಾಡ್ಕೊಂಡು ಹೊಸದಕ್ಕೆ ಅಂಟಿಸಿ, ಕೆಲವು ಸಾಲು ಹೊಂದದೇ ಇರಬಹುದು, ಅಷ್ಟು ಬಿಡಿ.

ಆಮೇಲೆ ಇದನ್ನೆಲ್ಲ ಲೋಕಲ್ ರೈಲಲ್ಲಿ ನಿಂತ್ಕೊಂಡು ಮೊಬೈಲಲ್ಲಿ ನೋಡಿ ಇನ್ನೂ ಕೆಳಗೇ ಇದೆ ಅಂತ ಗಾಬರಿ ಆಗ್ಬೇಡಿ, ಸಣ್ಣ ಸ್ಕ್ರೀನಲ್ಲಿ ಸಾಮಾನ್ಯವಾಗಿ ಸೈಡ್‌ಬಾರ್ ಇರೋದೇ ಕೆಳಗೆ. ಮನೆಗೆ ಹೋಗಿ ಕಂಪ್ಯೂಟರಲ್ಲಿ, ಕ್ಯಾಶ್ (ಬ್ರೌಸರ್ ಕೂಡಿಟ್ಕೊಂಡಿರೋ ಹಳೇ ಪ್ರತಿ) ಖಾಲಿ ಮಾಡಿ ನೋಡಿ.