ಎಂಎಫ್‌ಐ ಮಷಿನ್ ಇಲ್ಲದೆ ಪ್ಲಾಸ್ಟಿಕ್‌ನ ಹರಿವನ್ನು ಅಂದಾಜು ಮಾಡಬಹುದಾ?

ನಿಮ್ಮದು ಉಡುಪಿಯಲ್ಲಿ ಸಣ್ಣ ಮೌಲ್ಡಿಂಗ್ ಘಟಕ. ಪಿಪಿ (ಪಾಲಿಪ್ರೊಪಿಲೀನ್) ಬಕೆಟ್ ಮಾಡುತ್ತೀರಿ, ರೀಪ್ರೊಸೆಸ್ ಗ್ರಾನ್ಯೂಲ್ಸ್, ಅಂದರೆ ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ ಕಾಳು ತರಿಸುತ್ತೀರಿ. ಕರಗಿದ ಪ್ಲಾಸ್ಟಿಕ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವ ಎಂಎಫ್‌ಐ (ಮೆಲ್ಟ್ ಫ್ಲೋ ಇಂಡೆಕ್ಸ್) ಮಷಿನ್ ಇಲ್ಲ. ತಕ್ಕಡಿ, ಸ್ಟಾಪ್‌ವಾಚ್ ಇಟ್ಟುಕೊಂಡೇ ಹರಿವು ಅಂದಾಜು ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಎಂಎಫ್‌ಐ ನಂಬರ್‌ಗೆ ನಾವೆಲ್ಲ ಕೊಡುವ ಮರ್ಯಾದೆ ಸ್ವಲ್ಪ ಜಾಸ್ತಿಯೇ.

ನಾನು ಮಂಗಳೂರಿನ ಬೈಕಂಪಾಡಿಯಲ್ಲಿ ಮೌಲ್ಡಿಂಗ್ ಮಷಿನ್ ನೋಡಿಕೊಳ್ಳುವವನು. ಒಮ್ಮೆ ಎಂಎಫ್‌ಐ 10 ಅಂತ ಬರೆದ ರೀಪ್ರೊಸೆಸ್ ಲಾಟ್ ಬಂತು. ನಮ್ಮ ಹೊಸ ಮಾಲಿನದೂ 10. ಸುಮ್ನೆ ಮಷಿನ್‌ನ ಹಾಪರ್‌ಗೆ (ಕಾಳು ಸುರಿಯುವ ಬುಟ್ಟಿಗೆ) ಸುರಿದೆವು. ಬಕೆಟ್ ಅಂಚು ತುಂಬಲಿಲ್ಲ. ಪ್ರೆಶರ್ ಏರಿಸಿ ತುಂಬಿಸಿದರೆ ಹ್ಯಾಂಡಲ್ ಸಿಕ್ಕಿಸುವ ಕಿವಿ ಚಟ್ ಅಂತ ಮುರಿಯಿತು. ಅದು ಹಳೇ ಸಿಮೆಂಟ್ ಚೀಲದ ಮಾಲು ಅಂತ ಆಮೇಲೆ ಗೊತ್ತಾಯಿತು.

ಹೀಗೇಕೆ? ಪಿಪಿಗೆ ಎಂಎಫ್‌ಐ ನೋಡುವುದು 230 ಡಿಗ್ರಿಯಲ್ಲಿ, 2.16 ಕೆಜಿ ಭಾರ ಇಟ್ಟು. ಸುಮಾರು 2.1 ಮಿಮೀ ತೂತಿನಿಂದ 10 ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯುತ್ತದೆ ಅನ್ನುವುದೇ ಆ ನಂಬರ್. ಅದು ತುಂಬಾ ನಿಧಾನದ ಹರಿವು. ಎಂಎಫ್‌ಐ 10 ಇದ್ದರೆ ಶಿಯರ್ ರೇಟ್, ಅಂದರೆ ಕರಗಿದ ಮಾಲಿನ ಪದರಗಳು ಒಂದರ ಮೇಲೊಂದು ಜಾರುವ ವೇಗ, ಸೆಕೆಂಡಿಗೆ 25ರ ಆಸುಪಾಸು. ಮೌಲ್ಡ್‌ನಲ್ಲಿ ಅದು ಸಾವಿರ ದಾಟುತ್ತದೆ. ಪ್ಲಾಸ್ಟಿಕ್ ಜೋರಾಗಿ ನೂಕಿದಷ್ಟೂ ತೆಳುವಾಗಿ ಸಲೀಸಾಗಿ ಹರಿಯುತ್ತದೆ, ಆದರೆ ಎಲ್ಲ ಮಾಲೂ ಒಂದೇ ಥರ ಆಗುವುದಿಲ್ಲ. ಪಿಪಿಯನ್ನು ಕಾಯಿಸಿ ಕರಗಿಸಿದಾಗಲೆಲ್ಲ ಮೊದಲು ಅದರ ಉದ್ದ ಅಣು ಸರಪಳಿಗಳೇ ತುಂಡಾಗುತ್ತವೆ. ಎಂಎಫ್‌ಐ ಏರುತ್ತದೆ. ಆದರೆ ವೇಗದಲ್ಲಿ ತೆಳುವಾಗುವ ಗುಣ ಕಡಿಮೆಯಾಗುತ್ತದೆ, ಗಟ್ಟಿತನವೂ ಹೋಗುತ್ತದೆ.

ಹಾಗಾಗಿ ಸ್ಟಾಪ್‌ವಾಚ್ ಪಕ್ಕಕ್ಕಿಡಿ, ತಕ್ಕಡಿ ಸಾಕು. ನಿಮಗೆ ಚೆನ್ನಾಗಿ ಗೊತ್ತಿರುವ ಮಾಲು ಹಾಕಿ. ಸ್ಪೀಡ್ ಏರಿಸಿ, ಇಂಜೆಕ್ಷನ್ ಪ್ರೆಶರ್ ಇಳಿಸಿ, ಹೋಲ್ಡ್ ಪ್ರೆಶರ್ (ಮೌಲ್ಡ್ ತುಂಬಿದ ಮೇಲೂ ಒತ್ತಿ ಹಿಡಿಯುವ ಪ್ರೆಶರ್) ಸೊನ್ನೆ ಮಾಡಿ. ಮೌಲ್ಡ್ ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಮೊದಲ ಐದಾರು ಶಾಟ್ (ಒಂದೊಂದು ಸಲ ತುಂಬಿ ಬಂದ ಪೀಸ್) ಬಿಟ್ಟು ಮುಂದಿನ ಹತ್ತನ್ನು ತೂಗಿ, ಸರಾಸರಿ ಬರೆದಿಡಿ. ಆಮೇಲೆ ಮಾಲು ಕರಗುವ ಬ್ಯಾರೆಲ್ ಚೆನ್ನಾಗಿ ಪರ್ಜ್ ಮಾಡಿ (ಹಳೇ ಮಾಲೆಲ್ಲ ಹೊರಹಾಕಿ), ಯಾವ ಸೆಟ್ಟಿಂಗೂ ಮುಟ್ಟದೆ ಹೊಸ ಲಾಟ್ ಹಾಕಿ. ಪೀಸ್ ತೂಕ ಜಾಸ್ತಿ ಬಂದರೆ ಸಲೀಸಾಗಿ ಹರಿಯುವ ಮಾಲು. ಎಂಎಫ್‌ಐ ನಂಬರ್ ಸಿಗುವುದಿಲ್ಲ ನಿಜ, ಆದರೆ ನಿಮ್ಮ ಮಷಿನ್ ವೇಗದಲ್ಲೇ ಹೋಲಿಕೆ ಸಿಗುತ್ತದೆ. ನನಗೆ ಅದೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಬಕೆಟ್ ಮೌಲ್ಡ್‌ನಲ್ಲಿ ಮಾತ್ರ ಇದನ್ನು ಮಾಡಬೇಡಿ ಮಾರಾಯ್ರೆ. ಅಂಚು ತುಂಬದ ಬಕೆಟ್ ಮೌಲ್ಡ್‌ನ ಒಳದಿಂಡಿಗೆ (ಕೋರ್‌ಗೆ) ಅಂಟಿ ಕೂತರೆ ಅರ್ಧ ದಿನ ಹೋಯಿತು! ಹ್ಯಾಂಡಲ್‌ನಂಥ ಚಿಕ್ಕ ಮೌಲ್ಡ್ ಒಳ್ಳೆಯದು.

ಇದಕ್ಕೂ ಮೊದಲು ಒಂದು ಲೋಟ ನೀರಿಗೆ ನಾಲ್ಕು ಕಾಳು ಹಾಕಿ ನೋಡಿ. ಪಿಪಿ ತೇಲಬೇಕು. ಮುಳುಗಿದರೆ ಫಿಲ್ಲರ್, ಅಂದರೆ ಪ್ಲಾಸ್ಟಿಕ್‌ಗೆ ಬೆರೆಸುವ ಖನಿಜ ಪುಡಿ ಜಾಸ್ತಿ ಇದೆ ಅಂತ ಅನುಮಾನ ಪಡಿ. ಫಿಲ್ಲರ್ ಇದ್ದರೆ ಎಂಎಫ್‌ಐ ಗ್ರಾಂ ಲೆಕ್ಕವೂ ದಾರಿ ತಪ್ಪಿಸುತ್ತದೆ, ಯಾಕೆಂದರೆ ಪುಡಿಯ ತೂಕವೂ ಅದರಲ್ಲೇ ಸೇರಿರುತ್ತದೆ.

ನಂಬರ್ ಬೇಕೇ ಬೇಕು ಅಂದರೆ ಮೈಸೂರಿನ ಸಿಪೆಟ್‌ನಂಥ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಲ್ಯಾಬ್‌ಗೆ ಸ್ಯಾಂಪಲ್ ಕಳಿಸಿ. 2.16 ಕೆಜಿಯ ಜೊತೆ 5 ಕೆಜಿಯಲ್ಲೂ ನೋಡಿಕೊಡಿ ಅಂತ ಕೇಳಿ. ಜೇನಿನಂಥ ದ್ರವವಾದರೆ ಭಾರ 2.3 ಪಟ್ಟಾದಾಗ ಹರಿವೂ 2.3 ಪಟ್ಟೇ ಆಗುತ್ತದೆ. ಪ್ಲಾಸ್ಟಿಕ್ ಅದಕ್ಕಿಂತ ಜಾಸ್ತಿ ಜಿಗಿಯುತ್ತದೆ. ಒಂದು ಲಾಟ್ 8ರಿಂದ 32ಕ್ಕೆ ಹೋಯಿತು, ಇನ್ನೊಂದು 8ರಿಂದ 40ಕ್ಕೆ ಹೋಯಿತು ಅಂದುಕೊಳ್ಳಿ. ಲೇಬಲ್ ಮೇಲೆ ಎರಡೂ 8. ತೆಳು ಗೋಡೆಯ ಬಕೆಟ್‌ಗೆ ನಾನಾದರೆ ಎರಡನೆಯದನ್ನು ತೆಗೆದುಕೊಳ್ಳುತ್ತೇನೆ, ಜೋರಾಗಿ ನೂಕಿದಾಗ ಹೆಚ್ಚು ತೆಳುವಾಗುವುದು ಅದೇ.

ಮಳೆಗಾಲದಲ್ಲಿ ಈ ಪರೀಕ್ಷೆ ಮಾಡುವುದಾದರೆ ಗ್ರಾನ್ಯೂಲ್ಸ್ ಒಣಗಿಸಿಕೊಳ್ಳಿ. ಪಿಪಿ ತಾನಾಗಿ ನೀರು ಹೀರುವುದಿಲ್ಲ, ಆದರೆ ನಮ್ಮೂರಿನ ಜುಲೈ ತಿಂಗಳಲ್ಲಿ ಚೀಲ ತೆರೆದಿಟ್ಟರೆ ಕಾಳಿನ ಮೇಲೇ ಪಸೆ ಕೂರುತ್ತದೆ. ಗುಳ್ಳೆ ಬಂದ ಪೀಸ್ ತೂಗಿ ಪ್ರಯೋಜನವಿಲ್ಲ.