ಫೋನಿಗೆ ಸಿಗುವ ಸೆನ್ಸರ್ ಲ್ಯಾಪ್‌ಟಾಪಿಗೆ ಯಾಕೆ ಸಿಗಲ್ಲ?

ಬ್ಲೂಟೂತ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಂದೇ ಕಡೆ ಸೇರಿಸಿದ್ದೇನೆ. ಎಲ್ಲರೂ ಕೇಳಿರುವುದು ಸೆಲ್ಲಿನಲ್ಲಿ ಓಡುವ ಸಣ್ಣ ಸಾಧನಗಳ ಬಗ್ಗೆ. ಎಲ್ಲರಿಗೂ ಸಿಗ್ನಲ್ ಮೇಲೇ ಅನುಮಾನ. ಅದನ್ನು ಸ್ವಲ್ಪ ಆಮೇಲೆ ನೋಡೋಣ.

ಪ್ರಶ್ನೆ: ಅಣಬೆ ಬೆಳೆಯುವ ಶೆಡ್ಡಿನಲ್ಲಿ ಉಷ್ಣತೆ, ತೇವಾಂಶ ತೋರಿಸುವ ಚಿಕ್ಕ ಬ್ಲೂಟೂತ್ ಸೆನ್ಸರ್ ಇಟ್ಟಿದ್ದೇನೆ. ಫೋನಿನಲ್ಲಿ ಚೆನ್ನಾಗಿ ಬರುತ್ತದೆ. ವಿಂಡೋಸ್ 10 ಲ್ಯಾಪ್‌ಟಾಪಿನಲ್ಲಿ ಲೆಕ್ಕ ಇಡೋಣ ಅಂದರೆ ಬ್ಲೂಟೂತ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಪಕ್ಕದಲ್ಲೇ ತಂದಿಟ್ಟರೂ ಇಲ್ಲ. ಅಂಗಡಿಯವರು ಲ್ಯಾಪ್‌ಟಾಪ್ ಹಳೆಯದಾಯಿತು, ಹೊಸದು ತಗೊಳ್ಳಿ ಅಂತಾರೆ. ತಗೊಳ್ಳಬೇಕಾ? – ಓದುಗರು, ಪುತ್ತೂರು

ಉತ್ತರ: ದುಡ್ಡು ಆಮೇಲೆ ಖರ್ಚು ಮಾಡಿ, ಮೊದಲು ಫೋನಿನ ಬ್ಲೂಟೂತ್ ಆಫ್ ಮಾಡಿ. ಆ್ಯಪ್ ಮುಚ್ಚಿದರೆ ಸಾಲದು. ಎಷ್ಟೋ ಆ್ಯಪ್‌ಗಳು ನಮಗೆ ಕಾಣದ ಹಾಗೆ ಸಂಪರ್ಕ ಹಿಡಿದುಕೊಂಡೇ ಇರುತ್ತವೆ. ಮನೆಯಲ್ಲಿ ಬೇರೆಯವರ ಫೋನಿನಲ್ಲೂ ಅದೇ ಆ್ಯಪ್ ಇದ್ದರೆ ಅದನ್ನೂ ಆಫ್ ಮಾಡಿಸಿ.

ಕಾರಣ ಇದು. ನಿಮ್ಮ ಸೆನ್ಸರ್ ಬಳಸುವುದು ಬ್ಲೂಟೂತ್ ಲೋ ಎನರ್ಜಿ, 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದ ಪದ್ಧತಿ. ಇಂಥ ಸಾಧನ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ. ನಡುನಡುವೆ ಎದ್ದು, 40 ಚಾನೆಲ್‌ಗಳ ಪೈಕಿ ಇದಕ್ಕೆಂದೇ ಇಟ್ಟಿರುವ 3 ಚಾನೆಲ್‌ಗಳಲ್ಲಿ ‘ನಾನಿಲ್ಲಿದ್ದೇನೆ’ ಎಂದು ಕೂಗಿ ಮತ್ತೆ ಮಲಗುತ್ತದೆ. ಆ ಕೂಗು ಕೇಳಿಸಿದರೆ ಮಾತ್ರ ಲ್ಯಾಪ್‌ಟಾಪಿಗೆ ಅದು ಇರುವುದು ಗೊತ್ತಾಗುವುದು. ಆದರೆ ಯಾರಾದರೂ ಒಬ್ಬರು ಸಂಪರ್ಕಕ್ಕೆ ಬಂದರೆಂದರೆ ಬಹಳಷ್ಟು ಸಾಧನಗಳು ಕೂಗುವುದನ್ನೇ ನಿಲ್ಲಿಸಿಬಿಡುತ್ತವೆ. ಒಂದೇ ಕುರ್ಚಿಯ ಕ್ಷೌರದಂಗಡಿ ಇದ್ದ ಹಾಗೆ, ಒಬ್ಬರು ಕೂತ ಮೇಲೆ ಬಾಗಿಲು ಹಾಕಿಬಿಡುತ್ತಾರೆ. ನೀವು ಸೆನ್ಸರನ್ನು ಲ್ಯಾಪ್‌ಟಾಪಿನ ಪಕ್ಕ ತಂದಿಟ್ಟಾಗ ಫೋನು ನಿಮ್ಮ ಜೇಬಿನಲ್ಲೇ ಇತ್ತು, ಅಲ್ವಾ? ಹಾಗಾದರೆ ಎಷ್ಟು ಹತ್ತಿರ ತಂದರೂ ಪ್ರಯೋಜನವಿಲ್ಲ.

ಎರಡನೆಯದು, ವಿಂಡೋಸ್ ಸೆಟ್ಟಿಂಗ್ಸಿನ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಅದು ಇರುವುದು ಮೌಸ್, ಕೀಬೋರ್ಡ್, ಹೆಡ್‌ಫೋನ್ ಇಂಥವನ್ನು ಜೋಡಿಸಿಕೊಳ್ಳಲು. ಸೆನ್ಸರ್‌ಗಳಲ್ಲಿ ಬಹಳಷ್ಟಕ್ಕೆ ಪೇರಿಂಗ್ ಬೇಕಾಗೇ ಇಲ್ಲ, ಅವುಗಳ ಜೊತೆ ಮಾತಾಡುವುದು ನೇರವಾಗಿ ಆ್ಯಪ್. ಹಾಗಾಗಿ ಕ್ರೋಮ್ ತೆರೆದು, ವಿಳಾಸದ ಜಾಗದಲ್ಲಿ ಕ್ರೋಮ್ ಅಂತ ಬರೆದು, ಒಂದು ಕೋಲನ್, ಎರಡು ಓರೆಗೆರೆ ಹಾಕಿ, ಆಮೇಲೆ ಬ್ಲೂಟೂತ್-ಇಂಟರ್ನಲ್ಸ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಬರುವ ಪುಟದಲ್ಲಿ ಡಿವೈಸಸ್ ಒತ್ತಿ ಸ್ಕ್ಯಾನ್ ಶುರು ಮಾಡಿ. ಹೆಸರು ಕಾಣಲಿಲ್ಲ ಅಂತ ಕೂಡಲೇ ನಿಲ್ಲಿಸುವ ಆತುರ ಬೇಡ, ಅರ್ಧ ನಿಮಿಷವಾದರೂ ಬಿಡಿ. ಎರಡು ಕೂಗುಗಳ ನಡುವೆ 10 ಸೆಕೆಂಡಿನವರೆಗೂ ಅಂತರ ಇಡಲು ಇದರಲ್ಲಿ ಅವಕಾಶವಿದೆ, ಸೆಲ್ ಉಳಿಸಲು ಕೆಲವು ತಯಾರಕರು ಜಾಸ್ತಿಯೇ ಇಟ್ಟಿರುತ್ತಾರೆ. ಅಲ್ಲೇ ಆರ್‌ಎಸ್‌ಎಸ್‌ಐ ಅಂತ ಮೈನಸ್ ಅಂಕಿ ಕಾಣುತ್ತದೆ, ಸಿಗ್ನಲ್ ಎಷ್ಟು ಬಲವಾಗಿದೆ ಅನ್ನುವ ಅಳತೆ ಅದು. ಮೈನಸ್ 50ರ ಆಸುಪಾಸು ಇದ್ದರೆ ತುಂಬಾ ಚೆನ್ನಾಗಿದೆ. ಮೈನಸ್ 90 ಅಂದರೆ ಕಷ್ಟ, ಸಿಗ್ನಲ್ಲಿನ ಮೇಲೆ ಅನುಮಾನ ಪಡಬೇಕಾದದ್ದು ಆಗ. ತೇವದ ಗೋಡೆ, ನೀರು ತುಂಬಿದ ಡ್ರಮ್ಮು, ಅಣಬೆಯ ಒದ್ದೆ ಚೀಲಗಳು ಎಲ್ಲವೂ ಈ ಅಲೆಗಳನ್ನು ನುಂಗುತ್ತವೆ.

ಲ್ಯಾಪ್‌ಟಾಪ್ ನಿಜವಾಗಲೂ ಹಳೆಯದಾ ಅಂತ ಪರೀಕ್ಷಿಸಲು ಅಂಗಡಿಯವರನ್ನು ಕೇಳಬೇಕಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಬ್ಲೂಟೂತ್ ತೆರೆದು ‘ಮೈಕ್ರೋಸಾಫ್ಟ್ ಬ್ಲೂಟೂತ್ ಎಲ್‌ಇ ಎನ್ಯುಮರೇಟರ್’ ಅನ್ನುವ ಸಾಲು ಇದೆಯಾ ನೋಡಿ. ಇದ್ದರೆ ನಿಮ್ಮ ಲ್ಯಾಪ್‌ಟಾಪಿಗೆ ಲೋ ಎನರ್ಜಿ ಬರುತ್ತದೆ. ಇಲ್ಲದಿದ್ದರೂ ಬ್ಲೂಟೂತ್ 4.0 ಅಥವಾ ಅದಕ್ಕಿಂತ ಹೊಸ ಯುಎಸ್‌ಬಿ ಡಾಂಗಲ್ (ಪೋರ್ಟಿಗೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಸಾಧನ) ಒಂದು ಸಾಕು, ಪೂರ್ತಿ ಲ್ಯಾಪ್‌ಟಾಪ್ ಯಾಕೆ?

ಇಷ್ಟೆಲ್ಲ ಆದ ಮೇಲೂ ಹೆಸರು ಕಾಣುತ್ತದೆ, ಆದರೆ ಕನೆಕ್ಟ್ ಒತ್ತಿದ ತಕ್ಷಣ ಬಿಟ್ಟುಹೋಗುತ್ತದೆ ಅಂದರೆ ಸೆಲ್ ಬದಲಿಸಿ. ಸುಮ್ನೆ ಕೂಗುವುದಕ್ಕೆ ಬೇಕಾದ ಶಕ್ತಿ ಕಡಿಮೆ. ಸಂಪರ್ಕವಾದ ಮೇಲೆ ರೇಡಿಯೋ ಮತ್ತೆಮತ್ತೆ ಎದ್ದೇಳಬೇಕು, ಆಗ ಸವೆದ ಬಟನ್ ಸೆಲ್ಲಿನ ವೋಲ್ಟೇಜು ಕುಸಿಯುತ್ತದೆ, ಸೆನ್ಸರ್ ರೀಸೆಟ್ ಆಗುತ್ತದೆ. ಮೀಟರ್ ಹಿಡಿದರೆ ಅದೇ ಸೆಲ್ 2.9 ವೋಲ್ಟ್ ತೋರಿಸಿ ನಿಮ್ಮನ್ನು ಏಮಾರಿಸುತ್ತದೆ, ಯಾಕೆಂದರೆ ಮೀಟರ್ ಅದರ ಮೇಲೆ ಹೊರೆಯನ್ನೇ ಹಾಕುವುದಿಲ್ಲ.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿ. ಆರ್ಡುಯಿನೋ ಬೋರ್ಡಿನ ಪ್ರಾಜೆಕ್ಟಿಗೆ ಸೀನಿಯರ್ಸ್ ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ ಬಳಸಿದ್ದರು. ಅಂಗಡಿಯಲ್ಲಿ ಅದಿಲ್ಲ, ಎಚ್‌ಎಂ-10 ಅದಕ್ಕಿಂತ ಹೊಸದು ಅಂತ ಕೊಟ್ಟರು. ಕಂಪ್ಯೂಟರಿನಲ್ಲಿ ಡೇಟಾ ಓದಲು ಬೇಕಾದ ಕಾಮ್ ಪೋರ್ಟೇ ಬರಲ್ಲ ಸರ್. ಪಿನ್ 1234 ಹಾಕಿದರೂ ಆಗಲ್ಲ. ವೈವಾ ಹತ್ತಿರ ಬಂತು. – ಓದುಗರು, ದಾವಣಗೆರೆ

ಉತ್ತರ: ಹೊಸದು ಅನ್ನುವುದು ನಿಜ, ಅದರ ಬದಲಿಗೆ ಇದು ಅನ್ನುವುದು ಸುಳ್ಳು ಕಣಪ್ಪ. ಎಚ್‌ಸಿ-05 ಹಳೆಯ ಕ್ಲಾಸಿಕ್ ಬ್ಲೂಟೂತ್. ಅದರಲ್ಲಿ ಸೀರಿಯಲ್ ಪೋರ್ಟ್ ಪ್ರೊಫೈಲ್, ಅಂದರೆ ತಂತಿಯ ಸೀರಿಯಲ್ ಪೋರ್ಟಿನ ಹಾಗೆ ನಡೆದುಕೊಳ್ಳುವ ವ್ಯವಸ್ಥೆ ಇದೆ, ಅದಕ್ಕೇ ಕಾಮ್ ಪೋರ್ಟ್ ಬರುತ್ತಿತ್ತು. ಎಚ್‌ಎಂ-10 ಲೋ ಎನರ್ಜಿ ಮಾತ್ರ. ಅದರಲ್ಲಿ ಆ ಪ್ರೊಫೈಲೇ ಇಲ್ಲ, ನೀನು ಎಷ್ಟು ಸಲ ಡ್ರೈವರ್ ಹಾಕಿ ತೆಗೆದರೂ ಕಾಮ್ ಪೋರ್ಟ್ ಬರುವುದಿಲ್ಲ.

ಇದರಲ್ಲಿ ಡೇಟಾ ಓಡಾಡುವುದು ಎಫ್‌ಎಫ್‌ಇ0 ಎಂಬ ಸರ್ವಿಸ್ಸಿನೊಳಗಿನ ಎಫ್‌ಎಫ್‌ಇ1 ಎಂಬ ಕ್ಯಾರೆಕ್ಟರಿಸ್ಟಿಕ್ ಮೂಲಕ. ಸರ್ವಿಸ್ ಒಂದು ಕಪಾಟು, ಕ್ಯಾರೆಕ್ಟರಿಸ್ಟಿಕ್ ಅದರೊಳಗೆ ಡೇಟಾ ಇಡುವ ಖಾನೆ ಅಂದುಕೋ. ಕಂಪ್ಯೂಟರಿನಿಂದ ಅದಕ್ಕೆ ಬರೆಯಬೇಕು, ಅಲ್ಲಿಂದ ಬರುವುದನ್ನು ಪಡೆಯಲು ನೋಟಿಫಿಕೇಶನ್ ಆನ್ ಮಾಡಬೇಕು. ಈ ಎರಡನೆಯದನ್ನೇ ಹುಡುಗರು ಮರೆಯುತ್ತಾರೆ, ಕನೆಕ್ಟ್ ಆಗಿದೆ ಡೇಟಾ ಬರ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಪೈಥಾನ್ ಗೊತ್ತಿದ್ದರೆ ಬ್ಲೀಕ್ ಅನ್ನುವ ಲೈಬ್ರರಿ ನೋಡು, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಒಂದು ಸಲಕ್ಕೆ 20 ಬೈಟ್‌ಗಿಂತ ಹೆಚ್ಚು ಕಳಿಸಬೇಡ, ಉದ್ದದ ಸಾಲನ್ನು ತುಂಡು ಮಾಡಿ ಕಳಿಸು.

ಇನ್ನೊಂದು ವಿಷಯ. ಎಚ್‌ಎಂ-10 ಅಂತ ಮಾರುವುದರಲ್ಲಿ ತದ್ರೂಪುಗಳೂ ಇವೆ. ಸ್ಕ್ಯಾನ್ ಮಾಡಿದಾಗ ಹೆಸರು ಎಂಎಲ್‌ಟಿ-ಬಿಟಿ05 ಅಂತ ಬಂದರೆ ಅದು ತದ್ರೂಪು. ಕೆಲಸ ಮಾಡುತ್ತದೆ, ಆದರೆ ಎಟಿ ಕಮಾಂಡ್ (ಮಾಡ್ಯೂಲಿನ ಸೆಟ್ಟಿಂಗ್ ಬದಲಿಸುವ ಆದೇಶ) ಕೊಡುವಾಗ ಸೀರಿಯಲ್ ಮಾನಿಟರಿನಲ್ಲಿ ಸಾಲಿನ ಕೊನೆಗೆ ‘ಬೋತ್ ಎನ್‌ಎಲ್ ಆ್ಯಂಡ್ ಸಿಆರ್’ ಆರಿಸಬೇಕು. ಅಸಲಿ ಎಚ್‌ಎಂ-10ಕ್ಕೆ ಅದು ಬೇಕಿಲ್ಲ.

ವೈವಾ ಹತ್ತಿರ ಇದೆ ಅಂದೆಯಲ್ಲ, ಕೋಡ್ ಬದಲಿಸುವ ಸಾಹಸ ಬೇಡ. ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಎಸ್‌ಪಿ ರೋಡಿನಿಂದ ಎಚ್‌ಸಿ-05 ತರಿಸಿಕೋ. ಎಚ್‌ಎಂ-10 ರಜೆಯಲ್ಲಿ ಕಲಿ. ಆರ್ಡುಯಿನೋ ಬದಲು ಇಎಸ್‌ಪಿ32 ಬೋರ್ಡಿಗೆ ಹೋಗೋಣ ಅಂತ ಯಾರಾದರೂ ಹೇಳಿದರೆ ಎಸ್2 ಮಾದರಿ ಮಾತ್ರ ತರಬೇಡ, ಅದರಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ.

ಪ್ರಶ್ನೆ: ಬ್ಲೂಟೂತ್ ಮೌಸ್ ಚೆನ್ನಾಗೇ ಇರುತ್ತದೆ. ಫೋಟೋ ಕಾಪಿ ಮಾಡಲು ಹೊರಗಿನ ಹಾರ್ಡ್ ಡಿಸ್ಕ್ ಹಾಕಿದರೆ ಸಾಕು, ಕರ್ಸರ್ ತೊದಲಲು ಶುರು. ಮೌಸ್ ಬದಲಿಸಿದೆ, ಹೊಸದೂ ಹಾಗೇ. – ಓದುಗರು, ಮೈಸೂರು

ಉತ್ತರ: ಮೌಸಿನದು ತಪ್ಪಿಲ್ಲ. ಯುಎಸ್‌ಬಿ 3.0 ಪೋರ್ಟು, ಕೇಬಲ್ಲುಗಳಲ್ಲಿ ಡೇಟಾ ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ. ಬ್ಲೂಟೂತ್ ಇರುವುದೂ ಅಲ್ಲೇ. ಇದರ ಬಗ್ಗೆ 2012ರಲ್ಲೇ ಇಂಟೆಲ್ ಅಳತೆ ಸಮೇತ ಪ್ರಕಟಿಸಿದೆ. ಡಾಂಗಲ್ ಬಳಸುತ್ತಿದ್ದರೆ ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನು ದೂರ ಇಡಿ. ಲ್ಯಾಪ್‌ಟಾಪಿನ ಒಳಗಿನ ಬ್ಲೂಟೂತೇ ಆದರೆ ಡಿಸ್ಕನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ ನೋಡಿ, ಡಿಸ್ಕಿನ ಕೇಬಲ್ ತೀರಾ ಅಗ್ಗದ್ದಾದರೆ ಒಳ್ಳೆಯದನ್ನು ತನ್ನಿ. ವೈಫೈಯನ್ನು 5 ಗಿಗಾಹರ್ಟ್ಸಿಗೆ ಬದಲಿಸಿದರೂ ಸ್ವಲ್ಪ ಜಾಗ ಬಿಡುವಾಗುತ್ತದೆ.

ಪ್ರಶ್ನೆ: ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ಒಂದರಲ್ಲಿ ಕೀಬೋರ್ಡ್ ಪೇರ್ ಮಾಡಿದರೆ ಇನ್ನೊಂದರಲ್ಲಿ ಹೋಗುತ್ತದೆ. – ಓದುಗರು, ಬೆಂಗಳೂರು

ಉತ್ತರ: ಪೇರ್ ಮಾಡುವಾಗ ಎರಡೂ ಕಡೆ ಒಂದು ಗುಟ್ಟಿನ ಕೀ, ಅಂದರೆ ಒಂದು ರಹಸ್ಯ ಸಂಖ್ಯೆ, ಉಳಿಯುತ್ತದೆ. ಕೀಬೋರ್ಡಿಗೆ ನಿಮ್ಮ ವಿಂಡೋಸೂ ಉಬುಂಟೂ ಒಂದೇ ಕಂಪ್ಯೂಟರ್, ಯಾಕೆಂದರೆ ಬ್ಲೂಟೂತ್ ವಿಳಾಸ ಒಂದೇ. ಎರಡನೇ ಸಲ ಪೇರ್ ಮಾಡಿದಾಗ ಹಳೆಯ ಕೀ ಅಳಿಸಿಹೋಗುತ್ತದೆ. ವಿಂಡೋಸಿನ ರಿಜಿಸ್ಟ್ರಿಯಿಂದ ಕೀ ತೆಗೆದು ಉಬುಂಟುವಿಗೆ ಹಾಕುವ ದಾರಿ ಇದೆ, ರೇಜಿಗೆಯ ಕೆಲಸ. ಕೀಬೋರ್ಡಿನಲ್ಲಿ 1, 2, 3 ಅಂತ ಸಾಧನ ಬದಲಿಸುವ ಗುಂಡಿ ಇದ್ದರೆ 1ಕ್ಕೆ ವಿಂಡೋಸ್, 2ಕ್ಕೆ ಉಬುಂಟು ಪೇರ್ ಮಾಡಿ ನೋಡಿ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ.

ಪ್ರಶ್ನೆ: ಸೈಕಲ್ ಟ್ರೇನರ್ ಜೊತೆ ಎದೆಗೆ ಕಟ್ಟುವ ಹಾರ್ಟ್ ರೇಟ್ ಬೆಲ್ಟ್ ಬಳಸುತ್ತೇನೆ. ಲ್ಯಾಪ್‌ಟಾಪ್ ಸ್ಲೀಪಿಗೆ ಹೋಗಿ ಬಂದರೆ ಬೆಲ್ಟ್ ಸಿಗಲ್ಲ. ಶಟ್‌ಡೌನ್ ಮಾಡಿ ಆನ್ ಮಾಡಿದರೂ ಕೆಲವು ಸಲ ಸಿಗಲ್ಲ. – ಓದುಗರು, ಶಿವಮೊಗ್ಗ

ಉತ್ತರ: ಶಟ್‌ಡೌನ್ ಬದಲು ರೀಸ್ಟಾರ್ಟ್ ಮಾಡಿ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ, ಡ್ರೈವರ್‌ಗಳ ಸ್ಥಿತಿಯನ್ನು ಹಾಗೇ ಡಿಸ್ಕಿಗೆ ಬರೆದಿಟ್ಟು ಮತ್ತೆ ಎತ್ತಿಕೊಳ್ಳುತ್ತದೆ. ಆಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ನಿಮ್ಮ ಬ್ಲೂಟೂತ್ ಅಡಾಪ್ಟರ್ ತೆರೆಯಿರಿ, ಪವರ್ ಮ್ಯಾನೇಜ್‌ಮೆಂಟ್ ಎಂಬ ಟ್ಯಾಬ್ ಇದ್ದರೆ, ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಗುರುತು ತೆಗೆದುಬಿಡಿ.

ಬೆಲ್ಟ್ ಕಟ್ಟಿಕೊಂಡ ಮೇಲೇ ಹುಡುಕುತ್ತಿದ್ದೀರಾ ಅನ್ನುವುದನ್ನೂ ನೋಡಿ. ಮೇಜಿನ ಮೇಲೆ ಬಿದ್ದಿರುವ ಬೆಲ್ಟ್ ಸಾಮಾನ್ಯವಾಗಿ ಕೂಗುವುದೇ ಇಲ್ಲ, ಚರ್ಮಕ್ಕೆ ತಾಗಿದ ಮೇಲೆ ಏಳುತ್ತದೆ. ಪಟ್ಟಿಯ ಒಳಬದಿಗೆ ಸ್ವಲ್ಪ ನೀರು ಸವರಿ ಕಟ್ಟಿಕೊಳ್ಳಿ, ಫೋನಿನ ಬ್ಲೂಟೂತ್ ಆಫ್ ಮಾಡಿ, ಆಮೇಲೆ ಲ್ಯಾಪ್‌ಟಾಪಿನಲ್ಲಿ ಹುಡುಕಿ.