ಗದ್ದೆಯಲ್ಲಿ ವೀರಗಲ್ಲು ಸಿಕ್ಕಿದೆ, ಹೇಳಿದರೆ ಜಮೀನು ಹೋಗುತ್ತಾ?

ಪ್ರಶ್ನೆ: ಜೆಸಿಬಿ ತರಿಸಿ ಗದ್ದೆ ಮಟ್ಟ ಮಾಡಿಸುವಾಗ ಒಂದು ದೊಡ್ಡ ಕಲ್ಲು ಸಿಕ್ಕಿತು. ಕತ್ತಿ ಹಿಡಿದ ವೀರ ಇದ್ದಾನೆ, ಕೆಳಗೆ ಹಳೇ ಅಕ್ಷರಗಳಿವೆ. ಹೇಳಿದರೆ ಸರ್ಕಾರ ಜಮೀನು ಕಿತ್ತುಕೊಳ್ಳುತ್ತೆ, ಸುಮ್ನೆ ಮುಚ್ಚಿಬಿಡು ಅಂತಾರೆ ನಮ್ಮ ಮಾವ. ಒಬ್ಬರು ಕೊಳ್ಳೋಕೂ ಬಂದಿದ್ದರು. ಏನು ಮಾಡಲಿ ಸರ್?
— ಒಬ್ಬ ರೈತ, ಗಂಗಾವತಿ ತಾಲೂಕು

ಉತ್ತರ: ದಯವಿಟ್ಟು ಮುಚ್ಚಬೇಡಿ, ಮಾರಲೂ ಬೇಡಿ.

ಹಂಪಿ, ಆನೆಗೊಂದಿ ಕಡೆಯ ಕಟ್ಟಡದ ನಿಯಮಗಳನ್ನು ಕೇಳಿ ಕೇಳಿ ನಿಮ್ಮ ಮಾವನಿಗೆ ಈ ಭಯ ಬಂದಿರಬೇಕು. ಆದರೆ 100 ಮೀಟರ್ ಒಳಗೆ ಕಟ್ಟಬಾರದು, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು ಅನ್ನೋ, ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಇರೋದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಸ್ಮಾರಕಗಳಿಗೆ. ಆ ಸುತ್ತಲಿನ ಜಾಗದ ನಿರ್ಬಂಧವೂ ಕಟ್ಟಡ, ಗಣಿ ಕೆಲಸಕ್ಕೆ, ಭತ್ತ ನೆಡೋದಕ್ಕಲ್ಲ. ಒಂದು ಕಲ್ಲು ಸಿಕ್ಕ ಮಾತ್ರಕ್ಕೆ ನಿಮ್ಮ ಗದ್ದೆ ಸ್ಮಾರಕ ಆಗಿಬಿಡಲ್ಲ. ಹಾಗೆ ಘೋಷಿಸೋದಿದ್ದರೂ ಮೊದಲು ನೋಟಿಸ್ ಕೊಟ್ಟು, ಆಕ್ಷೇಪಣೆಗೆ 2 ತಿಂಗಳು ಸಮಯ ಕೊಡಬೇಕು.

ನನಗೆ ಚಿಂತೆ ಇರೋದು ಇದರ ಇನ್ನೊಂದು ಮುಖದ ಬಗ್ಗೆ. ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲದ ಕಲ್ಲಿಗೆ ಕಾವಲುಗಾರನಿಲ್ಲ, ಬೇಲಿಯಿಲ್ಲ. ಬದುವಿನ ಮೇಲಿರೋ ಎಷ್ಟೋ ವೀರಗಲ್ಲುಗಳ ಗತಿ ಇದೇ: ಕೆಲವು ಬಟ್ಟೆ ಒಗೆಯೋ ಕಲ್ಲಾಗಿವೆ, ಕೆಲವನ್ನು ನಿಧಿ ಆಸೆಗೆ ರಾತ್ರಿ ಅಗೆದು ಕೆಡವಿದ್ದಾರೆ. ರಾಯಚೂರು ಜಿಲ್ಲೆ ಮಸ್ಕಿಯ ಶಾಸನದ ಬಂಡೆ 1915ರಲ್ಲಿ ಒಬ್ಬ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು, ಅಶೋಕ ಅನ್ನೋ ಹೆಸರು ಸಿಕ್ಕಿದ್ದೇ ಅದರಲ್ಲಿ. ಅಲ್ಲೀವರೆಗೆ ಗೊತ್ತಿದ್ದ ಆ ರಾಜನ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳಷ್ಟೇ ಇದ್ದವು. ಅದನ್ನು ಯಾರಾದರೂ ಮೊದಲೇ ಒಡೆದು ಜಲ್ಲಿ ಮಾಡಿದ್ದರೆ?

ಕೊಳ್ಳೋಕೆ ಬಂದವರಿಗೆ ಕಡ್ಡಿ ಮುರಿದಂತೆ ಬೇಡ ಅನ್ನಿ. 100 ವರ್ಷಕ್ಕಿಂತ ಹಳೆಯ ಶಿಲ್ಪ, ಶಾಸನ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡೋದು ಅಪರಾಧ.

ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಅರ್ಜಿ ಕೊಡಿ. ಸರ್ವೆ ನಂಬರ್, ಸಿಕ್ಕ ದಿನ, ಎಷ್ಟು ಆಳ ಅನ್ನೋದನ್ನು ಬರೆದು ಸ್ವೀಕೃತಿ ಪಡೆಯಿರಿ, ಬಾಯಲ್ಲಿ ಹೇಳಿ ಬಂದರೆ ಸಾಲದು. ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೂ ಕಳಿಸಿ. ಅವರು ಬರೋದು ತಡ ಆಗಬಹುದು, ಬೇಸರ ಮಾಡ್ಕೋಬೇಡಿ, ಮತ್ತೆ ಕೇಳಿ.

ಅಲ್ಲೀವರೆಗೆ ಕಲ್ಲಿಗೆ ಎಣ್ಣೆ, ಸುಣ್ಣ, ಬಣ್ಣ ಹಚ್ಚಬೇಡಿ. ಮಣ್ಣನ್ನು ಬರೀ ನೀರು ಚಿಮುಕಿಸಿ ಮೆತ್ತಗೆ ತೆಗೆಯಿರಿ, ತಂತಿ ಬ್ರಷ್ ಬೇಡವೇ ಬೇಡ. ಸಂಜೆಯ ಓರೆ ಬಿಸಿಲಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತವೆ, ಕಾಲುವೆ ನೀರು ಗದ್ದೆಗೆ ಬರೋ ಮುಂಚೆ ಆ ಹೊತ್ತಿನಲ್ಲಿ ನಾಲ್ಕು ಫೋಟೊ ತೆಗೆದಿಡಿ.